ಒಂದೇ ಸಂದೇಶ, ಹಲವು ವಿಳಾಸ: ಪ್ರೊಸ್ಟಾಗ್ಲಾಂಡಿನ್ ಔಷಧಗಳ ಬಗ್ಗೆ ತಿಳಿಯೋಣ

ಇಂಟರ್ನಲ್ಸ್ ವಾರ ಬಂತೆಂದರೆ ನಮ್ಮ ಹಾಸ್ಟೆಲ್‌ಗಳಲ್ಲಿ ಎರಡು ವಸ್ತುಗಳಿಗೆ ಬೇಡಿಕೆ ಜಾಸ್ತಿ. ಒಂದು, ಹಿಂದಿನ ವರ್ಷದ ಪ್ರಶ್ನೆಪತ್ರಿಕೆ. ಇನ್ನೊಂದು, ನೋವಿನ ಮಾತ್ರೆ. ತಲೆನೋವು, ಬೆನ್ನುನೋವು, ಮುಟ್ಟಿನ ಹೊಟ್ಟೆನೋವು, ಕ್ರಿಕೆಟ್ ಆಡಿ ಉಳುಕಿದ ಕಾಲು, ಎಲ್ಲದಕ್ಕೂ ಪಕ್ಕದ ರೂಮಿನಲ್ಲಿ ಒಂದು ಸ್ಟ್ರಿಪ್ ಇದ್ದೇ ಇರುತ್ತೆ. ನುಂಗಿದ ಸ್ವಲ್ಪ ಹೊತ್ತಿಗೆ ನೋವು ಇಳಿಯುತ್ತೆ. ಯಾಕೆ ಇಳಿಯಿತು ಅಂತ ನಾವು ಕೇಳೋದಿಲ್ಲ, ಓದಲು ಕೂತುಬಿಡುತ್ತೇವೆ.

ಕೇಳಿದ್ದರೆ ಸಿಗುತ್ತಿದ್ದ ಉತ್ತರ ಒಂದು ಉದ್ದನೆಯ ಹೆಸರು: ಪ್ರೊಸ್ಟಾಗ್ಲಾಂಡಿನ್. ನಾವು ನುಂಗುವ ಬಹುಪಾಲು ನೋವಿನ ಮಾತ್ರೆಗಳು ದೇಹದಲ್ಲಿ ಈ ವಸ್ತು ತಯಾರಾಗದಂತೆ ತಡೆಯುತ್ತವೆ. ಹಾಗಾದರೆ ಇದು ಕೆಟ್ಟದ್ದೇ ಇರಬೇಕು ಅಂದುಕೊಂಡರೆ, ಅಲ್ಲೇ ತಿರುವು ಇದೆ. ಇದೇ ಪ್ರೊಸ್ಟಾಗ್ಲಾಂಡಿನ್ ಅನ್ನು, ಅಥವಾ ಅದನ್ನೇ ಹೋಲುವ ಕೃತಕ ಅಣುವನ್ನು, ಆಸ್ಪತ್ರೆಗಳಲ್ಲಿ ಔಷಧವಾಗಿ ಕೊಡುತ್ತಾರೆ. ಹೆರಿಗೆಯ ನಂತರ ರಕ್ತ ನಿಲ್ಲಿಸಲು, ಕಣ್ಣಿನ ಒತ್ತಡ ಇಳಿಸಲು, ಆಗತಾನೇ ಹುಟ್ಟಿದ ಮಗುವಿನ ಜೀವ ಉಳಿಸಲು. ಒಂದು ಕಡೆ ತಡೆಯುವುದು, ಇನ್ನೊಂದು ಕಡೆ ಕೊಡುವುದು. ಇದು ಹೇಗೆ ಸಾಧ್ಯ ಅನ್ನೋದನ್ನು ಈ ಲೇಖನದಲ್ಲಿ ನೋಡೋಣ. ಕೊನೆಗೆ ನಮ್ಮ ಹಾಸ್ಟೆಲ್ ಡಬ್ಬಿಗೇ ವಾಪಸ್ ಬರೋಣ.

ಹೆಸರು ಬಂದದ್ದು ಹೇಗೆ?

1930ರ ದಶಕದಲ್ಲಿ ಸ್ವೀಡನ್ನಿನ ಉಲ್ಫ್ ಫಾನ್ ಆಯ್ಲರ್ ವೀರ್ಯದ್ರವದಲ್ಲಿ ಒಂದು ವಸ್ತುವನ್ನು ಗಮನಿಸಿದರು. ಅದು ರಕ್ತದೊತ್ತಡ ಇಳಿಸುತ್ತಿತ್ತು, ನಯವಾದ ಸ್ನಾಯುಗಳನ್ನು ಸಂಕುಚಿಸುತ್ತಿತ್ತು. ಪ್ರೊಸ್ಟೇಟ್ ಗ್ರಂಥಿಯಿಂದ ಬರುತ್ತದೆ ಎಂದು ಭಾವಿಸಿ 1935ರಲ್ಲಿ ಅದಕ್ಕೆ ಪ್ರೊಸ್ಟಾಗ್ಲಾಂಡಿನ್ ಎಂದು ಹೆಸರಿಟ್ಟರು. ಆಮೇಲೆ ಗೊತ್ತಾಯಿತು, ಇದು ಒಂದೇ ವಸ್ತುವಲ್ಲ, ಒಂದು ಕುಟುಂಬ. ಮತ್ತು ಒಂದು ಗ್ರಂಥಿಯದ್ದಲ್ಲ, ಗಂಡು ಹೆಣ್ಣು ಎನ್ನದೆ ದೇಹದ ಹೆಚ್ಚುಕಮ್ಮಿ ಎಲ್ಲ ಅಂಗಾಂಶಗಳೂ ಇದನ್ನು ತಯಾರಿಸುತ್ತವೆ. ಹೆಸರು ಮಾತ್ರ ಹಾಗೇ ಉಳಿದುಕೊಂಡಿತು.

1971ರಲ್ಲಿ ಇಂಗ್ಲೆಂಡಿನ ಜಾನ್ ವೇನ್, ಆಸ್ಪಿರಿನ್ ಕೆಲಸ ಮಾಡುವುದು ಪ್ರೊಸ್ಟಾಗ್ಲಾಂಡಿನ್ ತಯಾರಿಕೆಯನ್ನು ತಡೆಯುವ ಮೂಲಕ ಎಂದು ತೋರಿಸಿದರು. ಅಲ್ಲಿಯವರೆಗೆ ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಜಗತ್ತು ಆಸ್ಪಿರಿನ್ ನುಂಗುತ್ತಲೇ ಇತ್ತು, ಕಾರಣ ಗೊತ್ತಿರಲಿಲ್ಲ ಅಷ್ಟೇ. ವೇನ್, ಸುನೆ ಬರ್ಗ್‌ಸ್ಟ್ರೋಮ್ ಮತ್ತು ಬೆಂಗ್ಟ್ ಸ್ಯಾಮುಯೆಲ್‌ಸನ್, ಈ ಮೂವರಿಗೆ 1982ರ ವೈದ್ಯಕೀಯ ನೊಬೆಲ್ ಬಹುಮಾನ ಬಂತು.

ಕೆಲಸ ಮಾಡುವ ಬಗೆ

ನಾವು ಎಂಜಿನಿಯರಿಂಗ್ ಓದುವವರು, ಹಾಗಾಗಿ ಇದನ್ನು ಸಿಗ್ನಲ್ ಅಂತ ನೋಡಿದರೆ ಸುಲಭ. ಇನ್ಸುಲಿನ್‌ನಂಥ ಹಾರ್ಮೋನು ಒಂದು ಕಡೆ ಹುಟ್ಟಿ ರಕ್ತದಲ್ಲಿ ಸಾಗಿ ಇಡೀ ದೇಹಕ್ಕೆ ಸಂದೇಶ ಕೊಡುತ್ತದೆ. ಆಕಾಶವಾಣಿ ಪ್ರಸಾರದ ಹಾಗೆ. ಪ್ರೊಸ್ಟಾಗ್ಲಾಂಡಿನ್ ಹಾಗಲ್ಲ. ಅದು ಪಕ್ಕದ ಮನೆಗೆ ಗೋಡೆಯಾಚೆಯಿಂದ ಕೂಗಿ ಹೇಳುವ ಮಾತು. ಜೀವಕೋಶದ ಪೊರೆಯಲ್ಲಿರುವ ಅರಾಕಿಡಾನಿಕ್ ಆಮ್ಲ ಎಂಬ ಕೊಬ್ಬಿನಾಮ್ಲದಿಂದ, ಕಾಕ್ಸ್ ಎಂಬ ಕಿಣ್ವದ ಸಹಾಯದಿಂದ, ಬೇಕಾದ ಹೊತ್ತಿಗೆ ಬೇಕಾದ ಜಾಗದಲ್ಲಿ ತಯಾರಾಗುತ್ತದೆ. ಸುತ್ತಮುತ್ತಲ ಕೋಶಗಳಿಗೆ ವಿಷಯ ಮುಟ್ಟಿಸಿ ನಿಮಿಷಗಳಲ್ಲಿ ಒಡೆದುಹೋಗುತ್ತದೆ. ರಕ್ತಕ್ಕೆ ಸೇರಿದರೂ ಶ್ವಾಸಕೋಶದಲ್ಲಿ ಒಂದು ಸುತ್ತು ಹೋಗಿ ಬರುವಷ್ಟರಲ್ಲಿ ಅದರ ಬಹುಭಾಗ ನಾಶವಾಗಿರುತ್ತದೆ.

ಇನ್ನೊಂದು ಮುಖ್ಯ ವಿಷಯ: ಸಂದೇಶ ಒಂದೇ ಆದರೂ ಕೇಳಿಸಿಕೊಳ್ಳುವ ರಿಸೆಪ್ಟರ್ ಬೇರೆ ಬೇರೆ. ಹೊಟ್ಟೆಯಲ್ಲಿ ಅದು "ಆಮ್ಲ ಕಡಿಮೆ ಮಾಡು, ಲೋಳೆ ಹೆಚ್ಚಿಸು" ಎನ್ನುತ್ತದೆ. ಗರ್ಭಕೋಶದಲ್ಲಿ "ಬಿಗಿಯಾಗು" ಎನ್ನುತ್ತದೆ. ಪೆಟ್ಟಾದ ಜಾಗದಲ್ಲಿ ನರಗಳಿಗೆ "ನೋವನ್ನು ಜೋರಾಗಿ ಹೇಳು" ಎನ್ನುತ್ತದೆ. ಮಿದುಳಿನಲ್ಲಿ "ಜ್ವರ ಏರಿಸು" ಎನ್ನುತ್ತದೆ. ಹಾಗಾಗಿ ಇದು ಒಳ್ಳೆಯದಾ ಕೆಟ್ಟದ್ದಾ ಎಂಬ ಪ್ರಶ್ನೆಗೇ ಅರ್ಥವಿಲ್ಲ. ಎಲ್ಲಿ, ಎಷ್ಟು, ಯಾವಾಗ, ಯಾರಿಗೆ ಅನ್ನೋದೇ ಇಲ್ಲಿ ಕೇಳಬೇಕಾದ ಪ್ರಶ್ನೆ. ಈ ನಾಲ್ಕನ್ನು ನೆನಪಿಟ್ಟುಕೊಂಡು ಮುಂದೆ ಹೋಗೋಣ.

ಹೊಟ್ಟೆ, ಕಣ್ಣು, ಹೃದಯ, ಶ್ವಾಸಕೋಶ

ಮೊದಲು ಹೊಟ್ಟೆ. ಸಂಧಿವಾತದವರು ವರ್ಷಗಟ್ಟಲೆ ನೋವಿನ ಮಾತ್ರೆ ತೆಗೆದುಕೊಂಡರೆ ಹೊಟ್ಟೆಯ ಪ್ರೊಸ್ಟಾಗ್ಲಾಂಡಿನ್ ಕಡಿಮೆಯಾಗಿ ಹುಣ್ಣಾಗುತ್ತದೆ. ಕಳೆದುಹೋದದ್ದನ್ನು ವಾಪಸ್ ಕೊಟ್ಟರಾಯಿತಲ್ಲ? ಆ ಯೋಚನೆಯಿಂದ ಬಂದದ್ದೇ ಮಿಸೊಪ್ರೊಸ್ಟಾಲ್ ಎಂಬ ಕೃತಕ ಪ್ರೊಸ್ಟಾಗ್ಲಾಂಡಿನ್ ಮಾತ್ರೆ. ಅಮೆರಿಕದಲ್ಲಿ 1988ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು ಹೊಟ್ಟೆಹುಣ್ಣು ತಡೆಯುವುದಕ್ಕೆ. ಗರ್ಭಿಣಿಯರು ತೆಗೆದುಕೊಳ್ಳಬಾರದು ಎಂಬ ಎಚ್ಚರಿಕೆ ಜೊತೆಗೇ ಇತ್ತು, ಯಾಕೆಂದರೆ ಅದು ಗರ್ಭಕೋಶವನ್ನೂ ಬಿಗಿಗೊಳಿಸುತ್ತದೆ. ಅಂದು ಅಡ್ಡಪರಿಣಾಮ ಎನಿಸಿಕೊಂಡದ್ದೇ ಮುಂದೆ ಈ ಔಷಧದ ಮುಖ್ಯ ಕೆಲಸವಾಯಿತು. ಅದಕ್ಕೆ ಆಮೇಲೆ ಬರೋಣ.

ಕಣ್ಣಿನಲ್ಲಿ ಗ್ಲಾಕೋಮಾ ಎಂಬ ಕಾಯಿಲೆ ಇದೆ. ಕಣ್ಣಿನೊಳಗಿನ ದ್ರವದ ಒತ್ತಡ ಹೆಚ್ಚಿ, ಸಾಮಾನ್ಯವಾಗಿ ನೋವೂ ಇಲ್ಲದೆ, ದೃಷ್ಟಿನರ ಹಾಳಾಗುತ್ತ ಹೋಗುತ್ತದೆ. ಲ್ಯಾಟನೊಪ್ರೊಸ್ಟ್ ಎಂಬ ಪ್ರೊಸ್ಟಾಗ್ಲಾಂಡಿನ್ ಹನಿಯನ್ನು ರಾತ್ರಿ ಒಮ್ಮೆ ಹಾಕಿದರೆ ದ್ರವ ಹೊರಹೋಗುವ ದಾರಿ ಸುಗಮವಾಗಿ ಒತ್ತಡ ಇಳಿಯುತ್ತದೆ. ಅಡ್ಡಪರಿಣಾಮ ಸ್ವಲ್ಪ ವಿಚಿತ್ರ: ರೆಪ್ಪೆಗೂದಲು ಉದ್ದವಾಗಿ ದಪ್ಪಗೆ ಬೆಳೆಯುತ್ತದೆ, ಕೆಲವರಿಗೆ ಕಣ್ಣಿನ ಬಣ್ಣ ಶಾಶ್ವತವಾಗಿ ಗಾಢವಾಗುತ್ತದೆ. ಇದೇ ಕುಟುಂಬದ ಬೈಮಾಟೊಪ್ರೊಸ್ಟ್ ಅನ್ನು ರೆಪ್ಪೆ ಬೆಳೆಸಲೆಂದೇ ಮಾರುತ್ತಾರೆ. ಜಾಲತಾಣದಲ್ಲಿ ನೋಡಿ ಅದನ್ನು ತರಿಸಿಕೊಳ್ಳುವ ಮೊದಲು ಒಂದು ಮಾತು, ಅದು ಅಲಂಕಾರದ ಸಾಮಾನಲ್ಲ, ಕಣ್ಣಿನ ಔಷಧ.

ಹೃದಯದ ಕಥೆ ಇನ್ನೂ ಸೋಜಿಗ. ಹೊಟ್ಟೆಯಲ್ಲಿರುವ ಮಗು ಉಸಿರಾಡುವುದಿಲ್ಲ, ಹಾಗಾಗಿ ಅದರ ರಕ್ತ ಶ್ವಾಸಕೋಶವನ್ನು ಬಳಸಿ ಹೋಗಲು ಡಕ್ಟಸ್ ಆರ್ಟೀರಿಯೋಸಸ್ ಎಂಬ ಬೈಪಾಸ್ ನಾಳ ಇರುತ್ತದೆ. ಅದನ್ನು ತೆರೆದಿಡುವ ಸಂದೇಶಗಳಲ್ಲಿ ಪ್ರೊಸ್ಟಾಗ್ಲಾಂಡಿನ್ ಮುಖ್ಯವಾದದ್ದು. ಹುಟ್ಟಿದ ಮೇಲೆ ಕೆಲವೇ ದಿನಗಳಲ್ಲಿ ಅದು ಮುಚ್ಚಿಕೊಳ್ಳುತ್ತದೆ. ಆದರೆ ಕೆಲವು ಮಕ್ಕಳ ಹೃದಯದಲ್ಲಿ ಹುಟ್ಟಿನಿಂದಲೇ ದೋಷವಿದ್ದು, ಆ ಬೈಪಾಸ್ ಒಂದೇ ಜೀವ ಹಿಡಿದಿರುತ್ತದೆ. ಅದು ಮುಚ್ಚಿದರೆ ಮಗು ನೀಲಿಗಟ್ಟುತ್ತದೆ. ಆಗ ಆಲ್‌ಪ್ರೊಸ್ಟಾಡಿಲ್ ಎಂಬ ಪ್ರೊಸ್ಟಾಗ್ಲಾಂಡಿನ್ ಅನ್ನು ಹನಿಹನಿಯಾಗಿ ಕೊಟ್ಟು, ಶಸ್ತ್ರಚಿಕಿತ್ಸೆ ಆಗುವವರೆಗೆ ನಾಳವನ್ನು ತೆರೆದಿಡುತ್ತಾರೆ. ಈ ಔಷಧ ಪಡೆದ ಸುಮಾರು ಹತ್ತರಲ್ಲಿ ಒಂದು ಮಗು ಉಸಿರು ನಿಲ್ಲಿಸಬಹುದು, ಹಾಗಾಗಿ ವೆಂಟಿಲೇಟರ್ ಪಕ್ಕದಲ್ಲೇ ಸಿದ್ಧವಿರಬೇಕು. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಲ್ಲಿ ಸಮಸ್ಯೆ ತಿರುಗುಮುರುಗು. ಅಲ್ಲಿ ನಾಳ ಮುಚ್ಚದೆ ತೊಂದರೆ ಕೊಟ್ಟಾಗ ಐಬುಪ್ರೊಫೆನ್ ಅಥವಾ ಇಂಡೊಮೆಥಾಸಿನ್ ಕೊಟ್ಟು ಮುಚ್ಚಿಸುತ್ತಾರೆ. ಹೌದು, ನಮ್ಮ ಹಾಸ್ಟೆಲ್ ಡಬ್ಬಿಯ ಅದೇ ಐಬುಪ್ರೊಫೆನ್. ಗರ್ಭಿಣಿಯರು 20 ವಾರ ದಾಟಿದ ಮೇಲೆ ವೈದ್ಯರನ್ನು ಕೇಳದೆ ಇಂಥ ಮಾತ್ರೆ ನುಂಗಬಾರದು ಎನ್ನುವುದಕ್ಕೆ ಮಗುವಿನ ಮೂತ್ರಪಿಂಡದ ಜೊತೆ ಈ ನಾಳವೂ ಒಂದು ಕಾರಣ.

ಶ್ವಾಸಕೋಶದ ರಕ್ತನಾಳಗಳ ಒತ್ತಡ ವಿಪರೀತ ಏರುವ ಕಾಯಿಲೆಗೆ ಎಪೊಪ್ರೊಸ್ಟೆನಾಲ್ ಕೊಡುತ್ತಾರೆ. ಅದರ ಅರ್ಧಾಯುಷ್ಯ 6 ನಿಮಿಷಕ್ಕೂ ಕಡಿಮೆ. ಅಂದರೆ ರೋಗಿ ಸೊಂಟಕ್ಕೆ ಒಂದು ಪಂಪ್ ಕಟ್ಟಿಕೊಂಡು ದಿನದ 24 ಗಂಟೆಯೂ ಔಷಧ ಹರಿಸುತ್ತಿರಬೇಕು. ಬ್ಯಾಟರಿ ಮುಗಿದರೆ, ಟ್ಯೂಬ್ ಮಡಚಿಕೊಂಡರೆ, ಒತ್ತಡ ಮತ್ತೆ ಏರಿ ಜೀವಕ್ಕೇ ಅಪಾಯ. ಅದಕ್ಕೇ ಇಂಥವರ ಬಳಿ ಇನ್ನೊಂದು ಪಂಪ್ ಸದಾ ಇರಬೇಕು. ರಿಡಂಡೆನ್ಸಿ ಅಂತ ನಾವು ಎರಡು ಅಂಕಕ್ಕೆ ಬರೆಯುವ ಉತ್ತರ ಅಲ್ಲಿ ಒಬ್ಬರ ಉಸಿರು.

ಬೆಳಗಾವಿಯ ಹಳ್ಳಿಗಳಲ್ಲಿ ನಡೆದ ಪರೀಕ್ಷೆ

ಈಗ ಮಿಸೊಪ್ರೊಸ್ಟಾಲ್ ಕಥೆಯ ಎರಡನೇ ಭಾಗ. ಇದು ನಮ್ಮ ರಾಜ್ಯದಲ್ಲೇ ನಡೆದದ್ದು, ಆದರೆ ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಮಗು ಹುಟ್ಟಿದ ಮೇಲೆ ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಳ್ಳಬೇಕು. ಆಗಲೇ ಅಲ್ಲಿನ ರಕ್ತನಾಳಗಳು ಹಿಂಡಿದಂತಾಗಿ ರಕ್ತ ನಿಲ್ಲುವುದು. ಮುದುಡದಿದ್ದರೆ ತಾಯಿ ಕಣ್ಣೆದುರೇ ರಕ್ತ ಕಳೆದುಕೊಳ್ಳುತ್ತಾಳೆ. ಇದನ್ನು ತಡೆಯಲು ಮೊದಲ ಆಯ್ಕೆ ಆಕ್ಸಿಟೋಸಿನ್ ಚುಚ್ಚುಮದ್ದು, ಇಂದಿಗೂ ಅದೇ. ಆದರೆ ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಚುಚ್ಚಲು ತರಬೇತಾದ ಕೈ ಬೇಕು. ರಾತ್ರಿ ಕರೆಂಟ್ ಹೋಗುವ ಊರಿನಲ್ಲಿ, ಮನೆಯಲ್ಲೇ ಹೆರಿಗೆಯಾಗುವ ಕಡೆ, ಇವೆರಡೂ ಕಷ್ಟ. ಮಿಸೊಪ್ರೊಸ್ಟಾಲ್ ಮಾತ್ರೆಗೆ ಫ್ರಿಜ್ ಬೇಡ, ಸೂಜಿ ಬೇಡ, ಬೆಲೆಯೂ ಕಡಿಮೆ. ಆದರೆ ಕೆಲಸ ಮಾಡುತ್ತದೆಯೇ?

ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಮತ್ತು ಅಮೆರಿಕದ ರಿಚರ್ಡ್ ಡರ್ಮನ್ ಅವರ ತಂಡ ಸೇರಿ 2002ರಿಂದ 2005ರವರೆಗೆ ಬೆಳಗಾವಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಇದನ್ನು ಪರೀಕ್ಷಿಸಿತು. ಮನೆಯಲ್ಲಿ ಅಥವಾ ಉಪಕೇಂದ್ರದಲ್ಲಿ ಹೆರಿಗೆಯಾದ 1,620 ತಾಯಂದಿರು ಇದರಲ್ಲಿ ಭಾಗವಹಿಸಿದರು. 812 ಮಂದಿಗೆ 600 ಮೈಕ್ರೋಗ್ರಾಂ ಮಿಸೊಪ್ರೊಸ್ಟಾಲ್, 808 ಮಂದಿಗೆ ಔಷಧವಿಲ್ಲದ ಹುಸಿಮಾತ್ರೆ. ಯಾರಿಗೆ ಯಾವುದು ಎಂಬುದು ಕೊಡುವವರಿಗೂ ಗೊತ್ತಿಲ್ಲ, ತೆಗೆದುಕೊಳ್ಳುವವರಿಗೂ ಗೊತ್ತಿಲ್ಲ. ಕೊಟ್ಟವರು ದೊಡ್ಡ ಆಸ್ಪತ್ರೆಯ ತಜ್ಞರಲ್ಲ, ಊರಲ್ಲಿ ಎಲ್ಲರೂ ಸಿಸ್ಟರ್ ಎಂದು ಕರೆಯುವ ಸಹಾಯಕ ದಾದಿಯರು.

ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. 500 ಮಿ.ಲೀ. ಅಥವಾ ಹೆಚ್ಚು ರಕ್ತ ಕಳೆದುಕೊಂಡವರು ಹುಸಿಮಾತ್ರೆಯ ಗುಂಪಿನಲ್ಲಿ ನೂರಕ್ಕೆ 12, ಔಷಧದ ಗುಂಪಿನಲ್ಲಿ ನೂರಕ್ಕೆ 6.4. ತೀವ್ರ ರಕ್ತಸ್ರಾವ ಶೇಕಡಾ 1.2ರಿಂದ 0.2ಕ್ಕೆ ಇಳಿಯಿತು. ಲೆಕ್ಕ ಹಾಕೋಣ: 12ರಲ್ಲಿ 6.4 ಕಳೆದರೆ 5.6. 100ನ್ನು 5.6ರಿಂದ ಭಾಗಿಸಿದರೆ ಸುಮಾರು 18. ಅಂದರೆ 18 ತಾಯಂದಿರಿಗೆ ಮಾತ್ರೆ ಕೊಟ್ಟರೆ ಒಬ್ಬಳ ಅತಿಸ್ರಾವ ತಪ್ಪುತ್ತದೆ. ನಮ್ಮ ಒಂದು ಲ್ಯಾಬ್ ಬ್ಯಾಚ್‌ನಷ್ಟು ಜನ. ಚಳಿ, ನಡುಕ, ಜ್ವರ ಔಷಧದ ಗುಂಪಿನಲ್ಲಿ ಹೆಚ್ಚಿದ್ದವು, ಆದರೆ ಸ್ವಲ್ಪ ಹೊತ್ತಿಗೆ ತಾವಾಗೇ ಇಳಿದವು.

ಎಂಜಿನಿಯರುಗಳಾದ ನಮಗೆ ಇಷ್ಟವಾಗುವ ಭಾಗ ಇನ್ನೊಂದಿದೆ. ಎಷ್ಟು ರಕ್ತ ಹೋಯಿತು ಅಂತ ಅಳೆಯೋದು ಹೇಗೆ? ಬಟ್ಟೆ, ಚಾಪೆ, ನೆಲ ನೋಡಿ ಅಂದಾಜು ಮಾಡುವುದು ರೂಢಿ. ಈ ತಂಡ ಬಳಸಿದ್ದು ತಾಯಿಯ ಕೆಳಗೆ ಹಾಸುವ ಒಂದು ಪ್ಲಾಸ್ಟಿಕ್ ಹಾಳೆ. ಅದರ ತುದಿಯಲ್ಲಿ ಕೊಳವೆಯಾಕಾರದ ಚೀಲ, ಚೀಲದ ಮೇಲೆ ಮಿ.ಲೀ. ಗುರುತು. ಬೆಳಗಾವಿಯ ಜಿಲ್ಲಾ ಆಸ್ಪತ್ರೆಯಲ್ಲಿ ಹೋಲಿಸಿ ನೋಡಿದಾಗ ಕಣ್ಣಂದಾಜು ಹಾಳೆಯ ಅಳತೆಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಬರುತ್ತಿತ್ತು. ಅಪಾಯ ಇದ್ದರೂ ಕಣ್ಣಿಗೆ ಬೀಳುತ್ತಿರಲಿಲ್ಲ ಎಂದರ್ಥ. ಗುರುತು ಹಾಕಿದ ಇಂಥದೇ ಹಾಳೆ ಮುಂದೆ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳ ದೊಡ್ಡ ಅಧ್ಯಯನದಲ್ಲಿ ಬಳಕೆಯಾಯಿತು. ಬೇಗ ಗುರುತಿಸಿ, ಎಲ್ಲ ಚಿಕಿತ್ಸೆಯನ್ನೂ ಒಟ್ಟಿಗೇ ಶುರುಮಾಡಿದಾಗ ತೀವ್ರ ಪರಿಣಾಮಗಳು ಶೇಕಡಾ 60ರಷ್ಟು ಕಡಿಮೆಯಾದವು ಎಂದು 2023ರಲ್ಲಿ ವರದಿಯಾಯಿತು. ಚಿಪ್ ಇಲ್ಲ, ಸೆನ್ಸರ್ ಇಲ್ಲ, ಆ್ಯಪ್ ಇಲ್ಲ. ಪ್ಲಾಸ್ಟಿಕ್ ಮೇಲೆ ಗೆರೆ.

2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಆಕ್ಸಿಟೋಸಿನ್ ಸಿಗದ ಕಡೆ ಹೆರಿಗೆ ನಂತರದ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲ್ ಅನ್ನು ತನ್ನ ಅಗತ್ಯ ಔಷಧಗಳ ಪಟ್ಟಿಯಲ್ಲಿ ಸೇರಿಸಿತು. ಅದಕ್ಕೆ ಆಧಾರವಾದ ಅಧ್ಯಯನಗಳಲ್ಲಿ ಬೆಳಗಾವಿಯದೂ ಒಂದು.

ಅದೇ ಮಾತ್ರೆ, 32 ಪಟ್ಟು ವ್ಯತ್ಯಾಸ

ಇಷ್ಟು ಓದಿದ ಮೇಲೆ ಇದು ಸರಳವಾದ, ಸುರಕ್ಷಿತವಾದ ಮಾತ್ರೆ ಅನ್ನಿಸಬಹುದು. ನಿಲ್ಲಿ. ತುಂಬು ಗರ್ಭಿಣಿಗೆ ನೋವು ಬರಿಸಲು ಇದೇ ಔಷಧವನ್ನು ಒಂದು ಸಲಕ್ಕೆ 25 ಮೈಕ್ರೋಗ್ರಾಂ ಕೊಡುತ್ತಾರೆ. ಹೆರಿಗೆಯಾದ ಮೇಲೆ ರಕ್ತ ನಿಲ್ಲದಿದ್ದರೆ 800 ಮೈಕ್ರೋಗ್ರಾಂ. 32 ಪಟ್ಟು. ಸಾಮಾನ್ಯವಾಗಿ ಸಿಗುವ ಮಾತ್ರೆ 200 ಮೈಕ್ರೋಗ್ರಾಂನದು. ಅದನ್ನು ಬ್ಲೇಡಿನಿಂದ ಎಂಟು ಚೂರು ಮಾಡಿದರೆ ಎಂಟೂ ಸಮವಾಗಿರುತ್ತವಾ? ವರ್ಕ್‌ಶಾಪಿನಲ್ಲಿ ಒಂದು ಕೀಲಿ ಫೈಲ್ ಮಾಡಿ ಟಾಲರೆನ್ಸ್ ಹಿಡಿಯಲು ಒದ್ದಾಡಿದವರಿಗೆ ಉತ್ತರ ಗೊತ್ತು. ಮಗು ಒಳಗಿರುವಾಗ ಡೋಸ್ ಹೆಚ್ಚಾದರೆ ಗರ್ಭಕೋಶ ಬಿಡುವಿಲ್ಲದೆ ಬಿಗಿಯುತ್ತದೆ, ಮಗುವಿಗೆ ಆಮ್ಲಜನಕ ಕಡಿಮೆಯಾಗುತ್ತದೆ, ಗರ್ಭಕೋಶ ಹರಿಯಲೂಬಹುದು. ಹಿಂದೆ ಸಿಸೇರಿಯನ್ ಆದವರಲ್ಲಿ ಹಳೆಯ ಗಾಯದ ಗೆರೆ ಹರಿಯುವ ಅಪಾಯ ಜಾಸ್ತಿ, ಅದಕ್ಕೇ ಅವರಿಗೆ ಕೊನೆಯ ತಿಂಗಳುಗಳಲ್ಲಿ ನೋವು ಬರಿಸಲು ಇದನ್ನು ಬಳಸುವುದಿಲ್ಲ.

"ಯಾರಿಗೆ" ಎಂಬ ಪ್ರಶ್ನೆಗೆ ಇನ್ನೊಂದು ಉದಾಹರಣೆ ಕಾರ್ಬೊಪ್ರೊಸ್ಟ್. ಇದೂ ರಕ್ತ ನಿಲ್ಲಿಸುವ ಪ್ರೊಸ್ಟಾಗ್ಲಾಂಡಿನ್ ಚುಚ್ಚುಮದ್ದೇ. ಆದರೆ ಇದು ಶ್ವಾಸನಾಳದ ಸ್ನಾಯುವನ್ನೂ ಬಿಗಿಗೊಳಿಸುತ್ತದೆ. ಆಸ್ತಮಾ ಇರುವ ತಾಯಿಗೆ ಇದನ್ನು ಕೊಟ್ಟರೆ ಒಂದು ಅಪಾಯ ತಪ್ಪಿಸಲು ಹೋಗಿ ಇನ್ನೊಂದನ್ನು ಕರೆದಂತೆ. ಮನೆಯಲ್ಲಿ ಯಾರದಾದರೂ ಹೆರಿಗೆ ಇದ್ದರೆ, ಆಸ್ತಮಾ ಇದ್ದದ್ದನ್ನು, ಹಿಂದಿನ ಸಿಸೇರಿಯನ್ ಅನ್ನು ಮರೆಯದೆ ಹೇಳಿ. ಇದು ನಾವೇ ಮಾಡಬಹುದಾದ ಕೆಲಸ.

ಇನ್ನು ಯಾರೂ ಜೋರಾಗಿ ಮಾತಾಡದ ವಿಷಯ. ಮಿಫೆಪ್ರಿಸ್ಟೋನ್ ಜೊತೆಗೆ ಮಿಸೊಪ್ರೊಸ್ಟಾಲ್ ಅನ್ನು ಗರ್ಭಪಾತಕ್ಕೂ ಬಳಸುತ್ತಾರೆ. ಭಾರತದಲ್ಲಿ ಇದು ಕಾನೂನುಬದ್ಧ, 1971ರ ಕಾಯ್ದೆ ಇದೆ, 2021ರಲ್ಲಿ ಅದು ತಿದ್ದುಪಡಿಯಾಗಿದೆ. 9 ವಾರದೊಳಗೆ ವೈದ್ಯರ ಸಲಹೆಯಂತೆ ಸರಿಯಾಗಿ ಬಳಸಿದರೆ ಇದು ಸುರಕ್ಷಿತ. ಭಯದಿಂದ, ನಾಚಿಕೆಯಿಂದ, ಯಾರದೋ ಕೈಯಲ್ಲಿ ಗುಟ್ಟಾಗಿ ತರಿಸಿ ನುಂಗುವುದರಲ್ಲಿ ಅಪಾಯ ಇದೆ. ಗರ್ಭ ಗರ್ಭಕೋಶದ ಬದಲು ನಾಳದಲ್ಲಿ ಕೂತಿದ್ದರೆ ಈ ಮಾತ್ರೆ ಅದನ್ನು ತೆಗೆಯುವುದಿಲ್ಲ. ನಾಳ ಒಡೆದು ಒಳಗೇ ರಕ್ತಸ್ರಾವವಾದರೆ ಜೀವ ಹೋಗಬಹುದು. ಎಷ್ಟು ವಾರ ಎಂಬ ಲೆಕ್ಕ ತಪ್ಪಿದರೂ ತೊಂದರೆ. ಮಾತ್ರೆಯ ನಂತರ ಗಂಟೆಗೆ ಎರಡು ದೊಡ್ಡ ಪ್ಯಾಡ್‌ನಂತೆ ಸತತ ಎರಡು ಗಂಟೆ ತೊಯ್ದರೆ, ತಲೆ ಸುತ್ತಿ ಬಿದ್ದರೆ, ಜ್ವರ ಒಂದು ದಿನ ದಾಟಿದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಕಾನೂನಿನ ಪ್ರಕಾರ 18 ದಾಟಿದ ಹೆಣ್ಣಿಗೆ ತನ್ನೊಬ್ಬಳ ಒಪ್ಪಿಗೆ ಸಾಕು, ಆಕೆಯ ಗುಟ್ಟನ್ನು ಕಾಪಾಡುವುದು ವೈದ್ಯರ ಹೊಣೆ. ಮದುವೆಯಾಗಿಲ್ಲ ಎಂಬ ಕಾರಣಕ್ಕೆ ಭೇದ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಗೆಳತಿಯೊಬ್ಬಳು ಇಂಥ ಸ್ಥಿತಿಯಲ್ಲಿ ಬಂದರೆ ತೀರ್ಪು ಕೊಡೋದು ಬೇಡ, ಜೊತೆಗೆ ಆಸ್ಪತ್ರೆಗೆ ಹೋಗೋಣ.

ಇಡುವ ಜಾಗವೂ ಔಷಧವೇ

ಪ್ರೊಸ್ಟಾಗ್ಲಾಂಡಿನ್ ಅಣುಗಳು ನಾಜೂಕು. ಕಾರ್ಬೊಪ್ರೊಸ್ಟ್ ಚುಚ್ಚುಮದ್ದು, ಡೈನೊಪ್ರೊಸ್ಟೋನ್ ಜೆಲ್ ಫ್ರಿಜ್‌ನಲ್ಲಿರಬೇಕು. ಲ್ಯಾಟನೊಪ್ರೊಸ್ಟ್ ಹನಿಯ ಮುಚ್ಚಳ ತೆಗೆಯದ ಬಾಟಲಿ ಸಾಮಾನ್ಯವಾಗಿ ಫ್ರಿಜ್‌ನಲ್ಲಿ, ತೆಗೆದ ಮೇಲೆ ಹೊರಗೆ 6 ವಾರ ಮಾತ್ರ. ಮಿಸೊಪ್ರೊಸ್ಟಾಲ್‌ಗೆ ಫ್ರಿಜ್ ಬೇಡವಾದರೂ ಅದು ತೇವಕ್ಕೆ ತಡೆಯುವುದಿಲ್ಲ, ಹಾಗಾಗಿ ಎರಡೂ ಬದಿ ಅಲ್ಯೂಮಿನಿಯಂ ಇರುವ ಪೊಟ್ಟಣವೇ ಒಳ್ಳೆಯದು. ಪೊಟ್ಟಣದಿಂದ ತೆಗೆದು ಕಾಗದದಲ್ಲಿ ಸುತ್ತಿಟ್ಟ ಮಾತ್ರೆ ನೋಡಲು ಅದೇ ಮಾತ್ರೆ, ಒಳಗೆ ಶಕ್ತಿ ಕುಂದಿರುತ್ತದೆ. ಮಲೆನಾಡಿನ ಮಳೆಗಾಲ, ಕರಾವಳಿಯ ಸೆಕೆ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಜ್ಜ ಅಜ್ಜಿಗೆ ಗ್ಲಾಕೋಮಾ ಹನಿ ಇದ್ದರೆ ಮುಂದಿನ ಸಲ ಊರಿಗೆ ಹೋದಾಗ ಬಾಟಲಿ ತೆರೆದ ದಿನ ಯಾವುದು ಅಂತ ಕೇಳಿ, ಅದರ ಮೇಲೆ ಪೆನ್ನಿನಲ್ಲಿ ಬರೆದಿಟ್ಟು ಬನ್ನಿ.

ಮತ್ತೆ ನಮ್ಮ ಡಬ್ಬಿಗೆ

ಈಗ ಹಾಸ್ಟೆಲ್ ಡಬ್ಬಿಯ ಮಾತ್ರೆ ಬೇರೆ ಥರ ಕಾಣುತ್ತಿರಬೇಕು. ಐಬುಪ್ರೊಫೆನ್, ಡೈಕ್ಲೋಫೆನಾಕ್, ಮೆಫೆನಾಮಿಕ್ ಆಸಿಡ್, ಇವು ನೋವಿನ ಜಾಗದಲ್ಲಿ ಮಾತ್ರ ಪ್ರೊಸ್ಟಾಗ್ಲಾಂಡಿನ್ ತಡೆಯುವುದಿಲ್ಲ. ಹೊಟ್ಟೆಯಲ್ಲೂ, ಮೂತ್ರಪಿಂಡದಲ್ಲೂ ತಡೆಯುತ್ತವೆ. ನಾವು ನೆನಪಿಡಬೇಕಾದದ್ದು ಇಷ್ಟು:

1. ಖಾಲಿ ಹೊಟ್ಟೆಯಲ್ಲಿ ಬೇಡ. ಒಂದೇ ಗುಂಪಿನ ಎರಡು ಮಾತ್ರೆ ಒಟ್ಟಿಗೆ ಬೇಡ. ಹೆಸರು ಬೇರೆ ಇದ್ದರೂ ಒಳಗಿನ ಔಷಧ ಯಾವುದು ಅಂತ ಸ್ಟ್ರಿಪ್ ಹಿಂದೆ ಓದಿ. ಮಲ ಕಪ್ಪಾಗಿ ಟಾರ್‌ನಂತೆ ಬಂದರೆ ಹೊಟ್ಟೆಯೊಳಗೆ ರಕ್ತಸ್ರಾವ ಇರಬಹುದು, ತಕ್ಷಣ ವೈದ್ಯರನ್ನು ನೋಡಿ.

2. ಮಳೆಗಾಲದ ಜ್ವರಕ್ಕೆ ಇವು ಬೇಡವೇ ಬೇಡ. ಡೆಂಗ್ಯೂ ಆಗಿದ್ದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ತೆಗೆದುಕೊಂಡು ರಕ್ತಪರೀಕ್ಷೆ ಮಾಡಿಸಿ.

3. ಮುಟ್ಟಿನ ನೋವು ಕಲ್ಪನೆಯಲ್ಲ. ಗರ್ಭಕೋಶದ ಒಳಪದರದಲ್ಲಿ ಪ್ರೊಸ್ಟಾಗ್ಲಾಂಡಿನ್ ಹೆಚ್ಚಿ ಸ್ನಾಯು ಹಿಂಡುವುದರಿಂದ ಬರುವ ನಿಜವಾದ ನೋವು. ಅದಕ್ಕೆ ಮಾತ್ರೆ ತೆಗೆದುಕೊಳ್ಳುವುದರಲ್ಲಿ ತಪ್ಪಿಲ್ಲ. ಆದರೆ ಮೆಫೆನಾಮಿಕ್ ಆಸಿಡ್‌ನಿಂದ ಅಪರೂಪಕ್ಕೆ ಗಂಭೀರ ಅಲರ್ಜಿ ಆಗಬಹುದೆಂದು ಭಾರತೀಯ ಔಷಧಕೋಶ ಆಯೋಗ 2023ರ ಕೊನೆಯಲ್ಲಿ ಎಚ್ಚರಿಸಿದೆ. ಮೈಮೇಲೆ ದದ್ದು, ಜ್ವರ, ಗ್ರಂಥಿ ಊತ ಕಂಡರೆ ಮಾತ್ರೆ ನಿಲ್ಲಿಸಿ ವೈದ್ಯರಿಗೆ ತೋರಿಸಿ. ಪ್ರತಿ ತಿಂಗಳೂ ತರಗತಿಗೆ ಬರಲಾಗದಷ್ಟು ನೋವಿದ್ದರೆ ಸಹಿಸಿಕೊಂಡು ಕೂರಬೇಡಿ, ಕಾರಣ ಬೇರೆ ಇರಬಹುದು.

4. ಆಸ್ತಮಾ, ಹುಣ್ಣು, ಮೂತ್ರಪಿಂಡದ ತೊಂದರೆ ಇರುವವರು ಪಕ್ಕದ ರೂಮಿನ ಸ್ಟ್ರಿಪ್ ಮುಟ್ಟದಿರುವುದೇ ಒಳಿತು.

ಈ ಲೇಖನ ವೈದ್ಯರ ಸಲಹೆಗೆ ಬದಲಿಯಲ್ಲ. ಓದಿ ಡೋಸ್ ಕಲಿತುಬಿಟ್ಟೆವು ಅಂತ ಅಂದುಕೊಳ್ಳೋದು ಬೇಡ. ಆದರೆ ಮುಂದಿನ ಸಲ ಮಾತ್ರೆ ಕೈಗೆ ಬಂದಾಗ ಆ ನಾಲ್ಕು ಪ್ರಶ್ನೆ ಕೇಳಿಕೊಳ್ಳೋಣ: ಎಲ್ಲಿಗೆ, ಎಷ್ಟು, ಯಾವಾಗ, ಯಾರಿಗೆ. ಉತ್ತರ ಗೊತ್ತಿಲ್ಲದಿದ್ದರೆ ಕ್ಯಾಂಪಸ್ ಡಿಸ್ಪೆನ್ಸರಿ ಪಕ್ಕದ ರೂಮಿಗಿಂತ ತುಂಬ ದೂರವೇನಿಲ್ಲ. ಮತ್ತೆ ಫೈನಲ್ ಇಯರ್ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವವರು ಬೆಳಗಾವಿಯ ಆ ಪ್ಲಾಸ್ಟಿಕ್ ಹಾಳೆಯನ್ನು ಒಮ್ಮೆ ನೆನಪಿಸಿಕೊಳ್ಳಿ.